ತೊಗರಿಬೇಳೆಯಷ್ಟು ಹಣ

ಕಳೆದ ವರ್ಷ ಮೂಡಲಗಿ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ ನೋಡಿದೆ. ಹತ್ತೂವರೆಗೆ ಶುರು ಅಂತ ಹ್ಯಾಂಡ್‌ಬಿಲ್‌ನಲ್ಲಿತ್ತು, ನಾಂದಿ ಪದ ಎದ್ದಾಗ ಹನ್ನೆರಡು ದಾಟಿತ್ತು. ಅದರ ಬಗ್ಗೆ ತಕರಾರಿಲ್ಲ, ಜಾತ್ರೆ ನಾಟಕ ಅಂದ್ರೆ ಹಂಗೇ. ಥ್ಯಾಕರೆ ಪಾತ್ರ ಮಾಡಿದವ ಹಗಲು ಹಾಲಿನ ಡೇರಿಯಲ್ಲಿ ಕ್ಯಾನ್ ಎತ್ತುವ ಹುಡುಗ, ಇಂಗ್ಲಿಷಿನವರ ಸೊಕ್ಕನ್ನು ಬರೀ ನಡಿಗೆಯಲ್ಲೇ ತಂದುಬಿಟ್ಟ. ಚೆನ್ನಮ್ಮನ ಪಾತ್ರದ ಹೆಣ್ಣುಮಗಳ ಗಂಟಲು ಮೈಕ್ ಕೈಕೊಟ್ಟಾಗಲೂ ಊರ ಹೊರಗಿನ ಕಬ್ಬಿನ ಗದ್ದೆವರೆಗೆ ಕೇಳುತ್ತಿತ್ತು. ಇಂಥ ನಾಟಕವನ್ನು ಬೈಯಲಿಕ್ಕೆ ನನಗೆ ಮನಸ್ಸಿಲ್ಲ. ಬೈಯಬೇಕಾದದ್ದು ಒಂದೇ ಒಂದು ಚೀಲ.

ಮಲ್ಲಪ್ಪಶೆಟ್ಟಿಗೆ ಲಂಚ ಕೊಡುವ ದೃಶ್ಯ. ಇಂಗ್ಲಿಷಿನವನ ಕಡೆಯವ ಕೆಂಪು ಮಖಮಲ್ಲಿನ ಚೀಲವೊಂದನ್ನು ಎಸೆಯುತ್ತಾನೆ, ಶೆಟ್ಟಿ ಒಂದೇ ಕೈಯಲ್ಲಿ ಹಿಡಿಯುತ್ತಾನೆ, ಬಾಯಿ ಬಿಚ್ಚಿ ಸುರಿಯುತ್ತಾನೆ. ಹಿನ್ನೆಲೆಯಲ್ಲಿ ಕೀಬೋರ್ಡಿನವ ಝಣಝಣ ಅನ್ನಿಸಿದ. ಬಂಗಾರದ ನಾಣ್ಯಗಳು ರಂಗದ ತುಂಬ ಚೆಲ್ಲಿದವು. ಒಂದು ಉರುಳುತ್ತಾ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಚಪ್ಪಲಿಗೆ ತಾಗಿ ನಿಂತಿತು. ಎತ್ತಿ ನೋಡಿದೆ. ಪ್ಲಾಸ್ಟಿಕ್. ಅಂಗೈಯ ಅರ್ಧದಷ್ಟು ಅಗಲ. ಒಂದು ಕಡೆ ಕಿರೀಟ ಹಾಕಿದ ಯಾವನೋ ಯುರೋಪಿನ ರಾಜನ ಮುಖ, ಇನ್ನೊಂದು ಕಡೆ ತಲೆಬುರುಡೆ, ಅದರ ಕೆಳಗೆ ಎರಡು ಎಲುಬು. ಕಡಲುಗಳ್ಳರ ಆಟಿಗೆ! ಪೇಟೆಯಲ್ಲಿ ಮಕ್ಕಳ ಹುಟ್ಟುಹಬ್ಬದ ಸಾಮಾನಿನ ಜೊತೆ ಡಜನ್ ಲೆಕ್ಕದಲ್ಲಿ ಸಿಗುವಂಥದ್ದು.

ನಗು ಬಂತು. ಆದರೆ ಅದೇ ಹೊತ್ತಿಗೆ ರಂಗದ ಮೂಲೆಯಲ್ಲಿ ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದ ಇಬ್ಬರು ಇಂಗ್ಲಿಷರ ಕಡೆ ಕಣ್ಣು ಹೋಯಿತು, ನಗು ಅಲ್ಲೇ ನಿಂತಿತು.

ಆ ಇಬ್ಬರು ಯಾರು ಅನ್ನೋದು ನಮ್ಮ ಕಡೆಯವರಿಗೆ ಗೊತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತಾಗ ಸೆರೆ ಸಿಕ್ಕವರು ಸ್ಟೀವನ್ಸನ್ ಮತ್ತು ಇಲಿಯಟ್. ನಾಟಕದಲ್ಲಿ ಅವರಿಗೆ ಮಾತಿಲ್ಲ. ಕೈಕಟ್ಟಿ ನಿಲ್ಲೋದು, ಕೊನೆಗೆ ರಾಣಿಯ ಔದಾರ್ಯ ತೋರಿಸಲಿಕ್ಕೆ ಬಿಡುಗಡೆ ಆಗೋದು, ಅಷ್ಟೇ ಕೆಲಸ. ಈ ವಾಲ್ಟರ್ ಇಲಿಯಟ್‌ಗೆ ಆಗ ಇಪ್ಪತ್ತೊಂದರ ಆಸುಪಾಸು. ಸುಮಾರು ಆರು ವಾರ ಸೆರೆಯಲ್ಲಿದ್ದು ಜೀವಂತ ಹೊರಬಂದ. ಆಮೇಲೆ ಇದೇ ಧಾರವಾಡ ಸೀಮೆಯಲ್ಲಿ ಕುದುರೆ ಮೇಲೆ ಊರೂರು ತಿರುಗಿ ಕನ್ನಡ ಶಾಸನಗಳನ್ನು ನಕಲು ಮಾಡಿಸಿದ, ಹಳೆ ನಾಣ್ಯ ಕೂಡಿಹಾಕಿದ. ಎಂಬತ್ತು ದಾಟಿದ ಮೇಲೆ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿದ್ದಾಗ, ಇನ್ನೊಬ್ಬರ ನೆರವಿನಿಂದ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಪುಸ್ತಕ ಬರೆದ. 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ಕಾಯಿನ್ಸ್ ಆಫ್ ಸದರ್ನ್ ಇಂಡಿಯಾ'. ಮರುವರ್ಷ ತೀರಿಕೊಂಡ. ಹೊನ್ನು, ವರಹ, ಹಣ ಅಂದರೇನು ಅಂತ ತಿಳಿಯಬೇಕಾದವರು ಇವತ್ತಿಗೂ ಆ ಪುಸ್ತಕ ತೆಗೆಯಬೇಕು.

ಕಣ್ಣಿಲ್ಲದ ಮುದುಕನಿಗೆ ಗೊತ್ತಿದ್ದದ್ದು ಕಣ್ಣಿದ್ದ ನಮಗೆ ಗೊತ್ತಿಲ್ಲ. ಅವನ ಪಾತ್ರಧಾರಿಯ ಕಾಲಡಿಯಲ್ಲೇ ತಲೆಬುರುಡೆ ನಾಣ್ಯ ಬಿದ್ದಿತ್ತು.

ಇದು ಒಂದು ಹಳ್ಳಿಯ ಬಡ ನಾಟಕ ಸಂಘದ ತಪ್ಪಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಅವರು ಕಲಿತದ್ದು ಸಿನೆಮಾದಿಂದ. ನಮ್ಮ ಐತಿಹಾಸಿಕ ಸಿನೆಮಾಗಳು, ಈಗಿನ ಟೀವಿ ಧಾರಾವಾಹಿಗಳು, ರಾಜ ಮೆಚ್ಚಿ ಕವಿಗೆ ಚೀಲ ಎಸೆಯುವ ಆ ಮಾಮೂಲಿ ದೃಶ್ಯ, ನೆಲ ಅಗೆದಾಗ ಹಂಡೆ ತುಂಬ ಹೊಳೆಯುವ ನಿಧಿ, ಎಲ್ಲ ಕಡೆ ಅದೇ ಬಿಸ್ಕತ್ತಿನಂಥ ನಾಣ್ಯ. ದುಂಡಗೆ, ತೆಳ್ಳಗೆ, ಒಂದರಂತೆ ಒಂದು. ಇದು ನಮ್ಮ ನೆಲದ ನಾಣ್ಯ ಅಲ್ಲ. ಹಾಲಿವುಡ್ಡಿನ ಕಡಲುಗಳ್ಳರ ಪೆಟ್ಟಿಗೆಯಿಂದ ಮದ್ರಾಸಿನ ಸ್ಟುಡಿಯೋಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ನಮ್ಮ ಜಾತ್ರೆಗೆ ಬಂದದ್ದು ಅಂತ ನನ್ನ ಗುಮಾನಿ.

ನಿಜವಾದದ್ದು ಎಷ್ಟು ದೊಡ್ಡದು? ನಿಮ್ಮ ಕಿಸೆಯಲ್ಲಿರುವ ಈಗಿನ ಒಂದು ರೂಪಾಯಿ ನಾಣ್ಯ ತೆಗೆಯಿರಿ. ಹೆಚ್ಚುಕಡಿಮೆ 20ರಿಂದ 22 ಮಿಲಿಮೀಟರ್ ಅಗಲ. ವಿಜಯನಗರದ ವರಹ ಅದರ ಅರ್ಧ, 11ರಿಂದ 13 ಮಿಲಿಮೀಟರ್. ತೂಕ ಸುಮಾರು 3.4 ಗ್ರಾಂ. ಪುಟ್ಟದು, ದಪ್ಪ, ಬೆರಳ ತುದಿಯಲ್ಲಿ ಗುಂಡಿಯ ಹಾಗೆ ಕೂರುತ್ತದೆ. ಅದರ ಅರ್ಧ ಪ್ರತಾಪ. ಇನ್ನು ಹಣ ಅಂದರೆ ವರಹದ ಹತ್ತನೇ ಒಂದು ಪಾಲು, ಗ್ರಾಮಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಮೂರು ಗುಲಗಂಜಿ ತೂಕ. ಅಂಗೈಯಲ್ಲಿಟ್ಟರೆ ತೊಗರಿಬೇಳೆ. ಕೆಮ್ಮಿದರೆ ಹಾರಿಹೋಗುತ್ತದೆ.

ನಾವು ದಿನಾ ಬಾಯಲ್ಲಿ ಆಡುವ 'ಹಣ' ಇದೇ. ಹಣವಂತ, ಹಣಕಾಸು, ಹಣೆಬರಹ ಬಿಟ್ಟು ಉಳಿದ ಎಲ್ಲ ಹಣವೂ ಈ ಬೇಳೆಯಿಂದಲೇ ಬಂದದ್ದು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವರಹ, ಪ್ರತಾಪ, ಹಣ ಮೂರನ್ನೂ ವಿವರಿಸಿ, ಇವುಗಳಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರೋದು ಹಣವೇ ಅಂತ ಬರೆದ. ಸಂತೆಗೆ ಹೋದವ ವರಹ ಮುರಿಸೋಕೆ ಆಗುತ್ತಾ?

1960ರ 'ರಣಧೀರ ಕಂಠೀರವ' ನೋಡಿ ಬೆಳೆದವರು ನಾವು. ನಮಗೆ ಕಂಠೀರವನ ತೋಳು ಗೊತ್ತು, ಅವನ ಹಣ ಗೊತ್ತಿಲ್ಲ. 1638ರಿಂದ 1659ರವರೆಗೆ ಮೈಸೂರು ಆಳಿದ ಆ ಜಟ್ಟಿ ಅರಸ ಹೊರಡಿಸಿದ್ದು ಕಂಠೀರಾಯಿ ಹಣ. ಅದೂ ಬೇಳೆಯಷ್ಟೇ, ಆದರೆ ಆ ಬೇಳೆಯ ಮೇಲೆ ಕೂತ ನರಸಿಂಹ ಇದ್ದಾನೆ! ಅಚ್ಚು ಕೆತ್ತಿದವನ ಕಣ್ಣು ಎಂಥದಿರಬೇಕು. ಅವ ಸತ್ತು ನೂರು ವರ್ಷದ ಮೇಲೂ ಮೈಸೂರು ಸೀಮೆಯಲ್ಲಿ ಲೆಕ್ಕ ಬರೆಯುತ್ತಿದ್ದದ್ದು ಕಂಠೀರಾಯಿ ವರಹದಲ್ಲಿ. ಹತ್ತು ಹಣ ಕೂಡಿದರೆ ಒಂದು, ಅಂಥ ಬರೀ ಲೆಕ್ಕದ ವರಹ. ಸಿನೆಮಾ ಮಂದಿಗೆ ಇದು ಕತೆ ಅನ್ನಿಸಲಿಲ್ಲವೇ ಅಂತ ನನಗೆ ಈಗಲೂ ಆಶ್ಚರ್ಯ.

ಈಗ ಚೀಲದ ಲೆಕ್ಕ. "ಸಾವಿರ ವರಹ ತಗೋ" ಅಂತ ರಾಜ ಎಸೆಯುತ್ತಾನಲ್ಲ, ಸಾವಿರ ವರಹ ಅಂದರೆ 3 ಕಿಲೋ 400 ಗ್ರಾಂ. ಹಿಡಿಸಲಿಕ್ಕೆ ಮಖಮಲ್ಲಿನ ದೊಡ್ಡ ಚೀಲ ಬೇಕಿಲ್ಲ, ಒಂದು ದೊಡ್ಡ ಸ್ಟೀಲ್ ಲೋಟ ಸಾಕು. ಆದರೆ ಆ ಲೋಟವನ್ನು ಕವಿಯ ಕಡೆ ಎಸೆದರೆ ಕವಿಯ ಮೂಗು ಉಳಿಯುವುದಿಲ್ಲ. ಸಾವಿರ ಹಣ ಆದರೆ ಒಂದು ಮುಷ್ಟಿ. ಬಂಗಾರದ ಗುಣವೇ ಇದು, ಕಣ್ಣಿಗೆ ಸಣ್ಣದು, ಕೈಗೆ ಭಾರ. ನಮ್ಮ ರಂಗಭೂಮಿ ಸಿನೆಮಾ ಎರಡೂ ಇದನ್ನು ಪೂರ್ತಿ ತಲೆಕೆಳಗು ಮಾಡಿವೆ, ಕಣ್ಣಿಗೆ ದೊಡ್ಡದು, ಕೈಗೆ ಹಗುರ. ನಟ ಚೀಲ ಹಿಡಿದಾಗ ಅವನ ಮಣಿಕಟ್ಟು ಒಂದು ಇಂಚೂ ಕೆಳಗೆ ಹೋಗುವುದಿಲ್ಲ. ಆ ಒಂದು ಇಂಚು ಇಳಿದಿದ್ದರೆ ಮಲ್ಲಪ್ಪಶೆಟ್ಟಿ ಯಾಕೆ ದ್ರೋಹ ಮಾಡಿದ ಅನ್ನೋದು ನಮಗೆ ಮಾತಿಲ್ಲದೆ ತಿಳೀತಿತ್ತು.

ಮಾಡುವ ರೀತಿಯೂ ನೋಡಿ. ನಮ್ಮ ಹಳೆ ನಾಣ್ಯವೆಲ್ಲ ಸುತ್ತಿಗೆ ಏಟಿನದು, ಯಂತ್ರದ್ದಲ್ಲ. ಅಕ್ಕಸಾಲಿಗ ಬಂಗಾರ ತೂಗಿ ಗುಳಿಗೆ ಮಾಡುತ್ತಾನೆ, ಅಡಿಗಲ್ಲಿನಲ್ಲಿ ಕೂರಿಸಿದ ಅಚ್ಚಿನ ಮೇಲೆ ಇಡುತ್ತಾನೆ, ಮೇಲೊಂದು ಅಚ್ಚು ಹಿಡಿದು ಒಂದು ಏಟು. ಅಷ್ಟೇ. ಎಷ್ಟೋ ಸಲ ಅಚ್ಚು ದೊಡ್ಡದು, ಗುಳಿಗೆ ಸಣ್ಣದು. ಹಾಗಾಗಿ ರಾಜನ ಹೆಸರು ಪೂರ್ತಿ ಬೀಳುವುದೇ ಅಪರೂಪ. ಒಂದರಲ್ಲಿ 'ಶ್ರೀ ಪ್ರ' ಇರುತ್ತದೆ, ಇನ್ನೊಂದರಲ್ಲಿ 'ಕೃಷ್ಣ' ಇರುತ್ತದೆ. ಎರಡು ವರಹ ಒಂದೇ ತೂಕ ಇರಬಹುದು, ಒಂದೇ ಮುಖ ಇರೋದಿಲ್ಲ. ದೇವಗಿರಿಯ ಯಾದವರ ಪದ್ಮಟಂಕ ಇನ್ನೂ ಒಂದು ಕೈ ಮುಂದೆ. ನಡುವೆ ಕಮಲ, ಸುತ್ತ ಶ್ರೀಕಾರ, ಶಂಖ, ಅರಸನ ಹೆಸರು, ಒಂದೊಂದಕ್ಕೂ ಬೇರೆ ಬೇರೆ ಮುದ್ರೆ, ಬೇರೆ ಬೇರೆ ಏಟು. ಏಟು ತಿಂದೂ ತಿಂದೂ ಬಂಗಾರ ಬಟ್ಟಲಿನ ಹಾಗೆ ಒಳಗೆ ಬಾಗುತ್ತದೆ. ಲಕ್ಕುಂಡಿಯ ಟಂಕಸಾಲೆಯ ಹೆಸರು ನಾಣ್ಯಕ್ಕೇ ಅಂಟಿಕೊಂಡು 'ಲೊಕ್ಕಿ ಗದ್ಯಾಣ' ಆಯಿತು. ಹೊಯ್ಸಳರದು ಸುಮಾರು 4 ಗ್ರಾಮಿನ ಗದ್ಯಾಣ, ಅದರ ಮೇಲೆ ಅಚ್ಚ ಕನ್ನಡ ಅಕ್ಷರದಲ್ಲಿ 'ಶ್ರೀ ತಲಕಾಡುಗೊಂಡ'. ಅಂದರೆ ಯುದ್ಧ ಗೆದ್ದ ಸುದ್ದಿ, ಈಗಿನವರು ಸ್ಟೇಟಸ್ ಹಾಕಿದ ಹಾಗೆ. ಗೋವೆಯ ಕದಂಬರು ಸಿಂಹ ಹಾಕಿ ಸಪ್ತಕೋಟೀಶ್ವರನ ವರಪ್ರಸಾದ ಅಂತ ಬರೆಸಿದರು. ಇಷ್ಟೆಲ್ಲ ಬಗೆ ಇದ್ದೂ ನಮ್ಮ ಕಲಾ ನಿರ್ದೇಶಕರಿಗೆ ಸಿಕ್ಕಿದ್ದು ತಲೆಬುರುಡೆ.

ಇಂಗ್ಲೆಂಡಿನವರಾದರೂ ಅಂಥ ನಾಣ್ಯ ಹೊಡೆದರಾ ಅಂತ ನೋಡಿದರೆ, ಇಲ್ಲ. ಅವರದೂ ಆ ಕಾಲದಲ್ಲಿ ಸುತ್ತಿಗೆಯ ನಾಣ್ಯವೇ. ಮೂರನೇ ಎಡ್ವರ್ಡ್ 1344ರಲ್ಲಿ ಶುರು ಮಾಡಿದ 'ನೋಬಲ್' ಎಂಬ ಬಂಗಾರದ ನಾಣ್ಯದಲ್ಲಿ ರಾಜ ಕತ್ತಿ ಗುರಾಣಿ ಹಿಡಿದು ಹಡಗಿನಲ್ಲಿ ನಿಂತಿದ್ದಾನೆ. ಅಗಲ ಸುಮಾರು 34 ಮಿಲಿಮೀಟರ್, ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡದು. ತೂಕ ಮಾತ್ರ 9 ಗ್ರಾಮಿನೊಳಗೆ. ತಗಡಿನಂತೆ ತೆಳು, ಬೆರಳಲ್ಲಿ ಬಾಗಿಸಬಹುದು. ಅಂಚು ಕತ್ತರಿಸಿ ಬಂಗಾರ ಕದಿಯುವ ಕಳ್ಳರಿಗೆ ಬಲು ಅನುಕೂಲ. ಅವರು ಬಂಗಾರವನ್ನು ರೊಟ್ಟಿಯಂತೆ ತಟ್ಟಿದರು, ನಾವು ಉಂಡಿಯಂತೆ ಕಟ್ಟಿದೆವು. ನಮ್ಮ ದಪ್ಪ ವರಹದ ಅಂಚು ಕದ್ದರೆ ಅಕ್ಷರವೂ ದೇವರೂ ಎರಡೂ ಹೋಗಿ ಸಿಕ್ಕಿಬೀಳುತ್ತಿದ್ದರು. ಮೇಲಾಗಿ ಇಲ್ಲಿ ಯಾರೂ ನಾಣ್ಯದ ಮುಖ ನೋಡಿ ನಂಬುತ್ತಿರಲಿಲ್ಲ, ತೂಗುತ್ತಿದ್ದರು, ಒರೆಗಲ್ಲಿಗೆ ಹಚ್ಚುತ್ತಿದ್ದರು. ಪ್ರಾಮಾಣಿಕನಿಗೆ 'ನಾಣ್ಯಸ್ಥ' ಅನ್ನುವ ಭಾಷೆ ನಮ್ಮದು.

ಪುಸ್ತಕಗಳ ಮೇಲೂ ನನಗೆ ಒಂದು ತಕರಾರಿದೆ. ನಾಣ್ಯದ ಫೋಟೊ ಹಾಕುವಾಗ ಎಲ್ಲವನ್ನೂ ಒಂದೇ ಅಳತೆಗೆ ಹಿಗ್ಗಿಸುವ ಚಾಳಿ ಇದೆಯಲ್ಲ, ಅದು. ಪಕ್ಕಪಕ್ಕದಲ್ಲಿ ಗದ್ಯಾಣ, ವರಹ, ಹಣ, ಎಲ್ಲವೂ ಹೋಳಿಗೆಯಷ್ಟು. ಕೆಳಗೆ ಇರುವೆ ಅಕ್ಷರದಲ್ಲಿ ಗ್ರಾಂ, ಮಿಲಿಮೀಟರ್. ಓದುವವನ ಕಣ್ಣು ಫೋಟೊ ನಂಬುತ್ತದೆ, ಅಂಕಿ ಅಲ್ಲ. ಮ್ಯೂಸಿಯಂಗಳಲ್ಲಿ ಇದರ ಉಲ್ಟಾ. ಗಾಜಿನ ಹಿಂದೆ, ಮೊಳ ದೂರದಲ್ಲಿ, ಕತ್ತಲಲ್ಲಿ ಒಂದು ಹಳದಿ ಚುಕ್ಕೆ. 'ಚಿನ್ನದ ನಾಣ್ಯ, ವಿಜಯನಗರ' ಅಂತ ಚೀಟಿ. ಒಂದು ಭೂತಗನ್ನಡಿ ಇಡಲಿಕ್ಕೆ ಎಷ್ಟು ಖರ್ಚು? ಪಕ್ಕದಲ್ಲಿ ಅದೇ ತೂಕದ ಸೀಸದ ಗುಂಡನ್ನು ಮುಟ್ಟಿ ನೋಡಲಿಕ್ಕೆ ಇಟ್ಟರೆ ಶಾಲೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ.

ಇಷ್ಟು ಸಿಟ್ಟು ಯಾಕೆ ಅಂತ ನಿಮಗೆ ಅನ್ನಿಸಬಹುದು. ಹೇಳ್ತೀನಿ.

ನಮ್ಮ ತಾಯಿಯ ತವರು ಹುಕ್ಕೇರಿ ತಾಲೂಕಿನ ಒಂದು ಹಳ್ಳಿ. ಅಲ್ಲಿ ನಮ್ಮ ಆಯಿಯ ದೇವರ ಜಗಲಿಯ ಮೇಲೆ ಒಂದು ಹಿತ್ತಾಳೆಯ ಕುಂಕುಮದ ಭರಣಿ ಇತ್ತು. ಅದರೊಳಗೆ ಕುಂಕುಮದಲ್ಲಿ ಹೂತು ಎರಡು ಹಳದಿ ಕಾಳು. ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ ಹೊರಗೆ ಬರುತ್ತಿದ್ದವು. ತೊಳೆದು, ವೀಳ್ಯದೆಲೆಯ ಮೇಲಿಟ್ಟು, ಮತ್ತೆ ಭರಣಿಗೆ. "ಇವು ಹಣ ಅದಾವು, ನಮ್ಮ ಅತ್ತಿ ಕಾಲದ್ದು" ಅನ್ನುತ್ತಿದ್ದಳು. ನಾನು ಗೋಕಾಕದ ಟಾಕೀಜಿನಲ್ಲಿ ಸಿನೆಮಾ ನೋಡಿ ಜಾಣನಾದ ಹುಡುಗ. "ಹಣ ಇಷ್ಟು ಸಣ್ಣಕ ಇರ್ತಾವೇನ ಆಯಿ? ಇದು ಯಾವುದೋ ಜಂಪರ ಗುಂಡಿ" ಅಂತ ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ವಾದ ಮಾಡುವ ಹೆಂಗಸಲ್ಲ ಅವಳು.

ಆಯಿ ಹೋದ ಮೇಲೆ ಭರಣಿ ನಮ್ಮ ಮನೆಗೆ ಬಂತು. ತಂಗಿಯ ಮದುವೆ ಗೊತ್ತಾದಾಗ ಮನೆಯ ಹಳೆ ಬಂಗಾರವನ್ನೆಲ್ಲ ಕೂಡಿಸಿ ಹೊಸದು ಮಾಡಿಸುವ ಜವಾಬ್ದಾರಿ ನನ್ನ ತಲೆಗೆ ಬಿತ್ತು. ಒಂದು ಹರಿದ ಬೋರಮಾಳ, ಪುತಳಿ ಸರದ ನಾಲ್ಕು ಪುತಳಿ, ಒಂದು ಮುರುಕು ಮೂಗುಬಟ್ಟು, ಅದರ ಜೊತೆ ಆ ಎರಡು ಕಾಳು. ಪತ್ತಾರರು ಎಲ್ಲ ತೂಗಿದರು. ಕಾಳು ತೆಗೆದು ಕನ್ನಡಕ ಏರಿಸಿ ಬಾಳ ಹೊತ್ತು ನೋಡಿದರು.

"ಇವು ಹಳೀ ಹಣ ಅದಾವ್ರಿ. ಮ್ಯಾಲ ಮೂರ್ತಿ ಐತಿ, ಸವದೈತಿ. ಇಟ್ಕೋರಿ, ಮನ್ಯಾಗ ಇರ್ಲಿ. ಇವುಗಳಿಂದ ಎಷ್ಟರ ಬಂಗಾರ ಬರತೈತಿ?"

"ಹಣ ಎಲ್ಲಿದು ಬಿಡ್ರಿ, ಎಂಥದೋ ಚೂರು. ಕರಗಿಸ್ರಿ" ಅಂದೆ.

ಅವರು ಇನ್ನೊಮ್ಮೆ ನನ್ನ ಮುಖ ನೋಡಿದರು. ಆಮೇಲೆ ಮೂಸೆಗೆ ಹಾಕಿದರು. ಊದುಗೊಳವೆಯ ಉರಿಯಲ್ಲಿ ಅವು ಎರಡೂ ಒಂದು ಕ್ಷಣ ಕೆಂಪಗಾಗಿ, ಒಂದಕ್ಕೊಂದು ಕೂಡಿ, ಪುತಳಿಗಳ ಜೊತೆ ಸೇರಿ ಹೋದವು. ಎರಡೂ ಕೂಡಿ ಮುಕ್ಕಾಲು ಗ್ರಾಮೂ ಇರಲಿಲ್ಲ. ತಂಗಿಯ ಕಿವಿಯಲ್ಲಿ ಎಲ್ಲೋ ಇರಬೇಕು.

ಮೂರ್ತಿ ಯಾವುದಿತ್ತು? ನರಸಿಂಹನೋ, ಹನುಮನೋ, ದುರ್ಗಿಯೋ, ನೆನಪಿಲ್ಲ. ನೋಡಲೇ ಇಲ್ಲವಲ್ಲ ನಾನು. ಇಪ್ಪತ್ತು ವರ್ಷದ ಮೇಲೆ ಇಲಿಯಟ್‌ನ ಪುಸ್ತಕದ ಚಿತ್ರಪಟಗಳನ್ನು ಒಂದೊಂದಾಗಿ ತಿರುವುತ್ತಾ ಕೂತೆ, ಯಾವುದಾದರೂ ಒಂದನ್ನು ನೋಡಿ ಆ ಭರಣಿ ಕಣ್ಣಿಗೆ ಕಟ್ಟೀತಾ ಅಂತ. ಕಟ್ಟಲಿಲ್ಲ. ಕುಂಕುಮದ ವಾಸನೆ ಮಾತ್ರ ಬಂತು.

ಹಾಗಾಗಿ ಆ ರಾತ್ರಿ ನಾಟಕ ಮುಗಿದ ಮೇಲೆ, ಬೆಳಗಿನ ಐದಕ್ಕೆ, ತಲೆಬುರುಡೆ ನಾಣ್ಯ ಕೈಯಲ್ಲಿ ಹಿಡಿದು ರಂಗದ ಹಿಂದೆ ಹೋದೆ. ನಾಟಕ ಕಲಿಸಿದ ಮಾಸ್ತರು ಬಣ್ಣ ಒರೆಸಿಕೊಳ್ಳುತ್ತಾ ಚಹಾ ಕುಡಿಯುತ್ತಿದ್ದರು. ನನ್ನ ಭಾಷಣ ಪೂರ್ತಿ ಕೇಳಿದರು. ಬೇಳೆಯ ಲೆಕ್ಕ, ಲೋಟದ ಲೆಕ್ಕ, ಎಲ್ಲಾ. ಕೇಳಿ ಒಂದೇ ಮಾತು ಅಂದರು:

"ಖರೆ ಐತ್ರಿ ಸರ್. ಆದರ ಕಡೀ ಸಾಲಿನ್ಯಾಗ ಕುಂತ ಮುದುಕಿಗಿ ತೊಗರಿಬ್ಯಾಳಿ ಹೆಂಗ ಕಾಣಬೇಕ್ರಿ?"

ಇದಕ್ಕೆ ನನ್ನ ಹತ್ತಿರ ತಟ್ಟನೆ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಇದು ಗಟ್ಟಿ ಪ್ರಶ್ನೆ, ನಾನು ಇಷ್ಟು ಹೊತ್ತು ಬರೆದ ವಿಮರ್ಶೆಯ ಬುಡಕ್ಕೆ ಬೀಳುವಂಥದ್ದು. ರಂಗದ ಮೇಲೆ ಎಲ್ಲವೂ ಸ್ವಲ್ಪ ಹಿಗ್ಗಲೇಬೇಕು. ಮೀಸೆ ಹಿಗ್ಗುತ್ತದೆ, ಹುಬ್ಬು ಹಿಗ್ಗುತ್ತದೆ, ನಾಣ್ಯ ಯಾಕೆ ಹಿಗ್ಗಬಾರದು? ಸಿನೆಮಾಕ್ಕೆ ಈ ನೆಪ ಇಲ್ಲ. ಅದರ ಹತ್ತಿರ ಕ್ಯಾಮರಾ ಇದೆ, ಒಂದು ಬೇಳೆಯನ್ನು ಪರದೆ ತುಂಬ ತೋರಿಸಬಲ್ಲದು, ಪಕ್ಕದಲ್ಲಿ ಒಂದು ಬೆರಳು ಇಟ್ಟರೆ ಸಾಕು. ಸಿನೆಮಾದವರನ್ನು ನಾನು ಬಿಡುವುದಿಲ್ಲ. ಆದರೆ ಮಾಸ್ತರ ಮಾತು ಬೇರೆ.

ಮನೆಗೆ ಬಂದು ಒಂದು ವಾರ ಯೋಚಿಸಿದೆ. ಆಮೇಲೆ ತಿರುವಾಂಕೂರಿನ ಹಲಗೆ ನೆನಪಾಯಿತು. ಅಲ್ಲಿಯ ಖಜಾನೆಗಳಲ್ಲಿ ಇಂಥ ಪುಟಾಣಿ ನಾಣ್ಯ ಎಣಿಸಲಿಕ್ಕೆ ಒಂದು ಮರದ ಹಲಗೆ ಇಟ್ಟುಕೊಂಡಿದ್ದರು. ಹಲಗೆಯ ತುಂಬ ಸಾಲಾಗಿ ಸಣ್ಣ ಸಣ್ಣ ಕುಳಿ, ಒಂದು ಕುಳಿಗೆ ಒಂದೇ ನಾಣ್ಯ. ಹಿಡಿ ತುಂಬ ನಾಣ್ಯ ಮೇಲೆ ಸುರಿದು, ಜರಡಿ ಆಡಿಸಿದ ಹಾಗೆ ಹಗುರ ಅಲ್ಲಾಡಿಸಿ, ಕುಳಿಗಳೆಲ್ಲ ತುಂಬಿದ ಮೇಲೆ ಉಳಿದದ್ದನ್ನು ಸವರಿ ತೆಗೆಯೋದು. ಎಷ್ಟು ಕುಳಿಯೋ ಅಷ್ಟು ನಾಣ್ಯ, ಬಾಯಿ ಬಿಟ್ಟು ಎಣಿಸುವ ಕೆಲಸವೇ ಇಲ್ಲ. ಮಾಸ್ತರಿಗೆ ಫೋನ್ ಮಾಡಿದೆ. "ನಾಣ್ಯ ಕಾಣದಿದ್ದರೆ ಬೇಡ್ರಿ. ಎಣಿಸುವವ ಕಾಣಲಿ. ಮಲ್ಲಪ್ಪಶೆಟ್ಟಿ ಹಲಗೆ ಮೇಲೆ ಬಾಗಲಿ, ಉಸಿರು ಬಿಗಿಹಿಡಿಯಲಿ, ಸೀನು ಬಂದರೆ ಮೂಗು ಹಿಡಿಯಲಿ, ಒಂದು ಕೆಳಗೆ ಬಿದ್ದರೆ ದೀಪ ಹಿಡಿದು ಮೊಣಕಾಲೂರಿ ಹುಡುಕಲಿ. ಕಡೆ ಸಾಲಿನ ಮುದುಕಿಗೆ ಗೊತ್ತಾಗತೈತಿ, ಅಷ್ಟು ಸಣ್ಣದಕ್ಕೆ ಇವ ರಾಣಿಯನ್ನ ಮಾರಿದ ಅಂತ." ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು "ನೋಡೋಣ್ರಿ" ಅಂದರು. ತಿರುವಾಂಕೂರಿನ ಹಲಗೆಯನ್ನು ಕಿತ್ತೂರಿಗೆ ತಂದದ್ದು ಇತಿಹಾಸಕ್ಕೆ ಅಪಚಾರ ಅಂತ ನೀವು ನನ್ನನ್ನೇ ಹಿಡಿಯಬಹುದು, ಹಿಡಿಯಿರಿ. 1824ರ ಹೊತ್ತಿಗೆ ರೂಪಾಯಿ ಚಲಾವಣೆಗೆ ಬಂದಾಗಿತ್ತು ಅನ್ನುವುದೂ ಗೊತ್ತು. ತಲೆಬುರುಡೆಗಿಂತ ವಾಸಿ ಅಲ್ಲವೇ?

ಈ ಸಲ ಸುಗ್ಗಿ ಮುಗಿದ ಮೇಲೆ ಅದೇ ಸಂಘ ಹುಕ್ಕೇರಿ ಕಡೆ ಒಂದು ಊರಲ್ಲಿ ನಾಟಕ ಹಾಕಿತು. ನನಗೆ ಹೋಗಲಿಕ್ಕೆ ಆಗಲಿಲ್ಲ. ಮರುದಿನ ಮಾಸ್ತರಿಗೆ ಫೋನ್ ಹಚ್ಚಿ ಹಲಗೆ ಏನಾಯಿತು ಅಂತ ಕೇಳಿದೆ.

"ಹಲಗಿ ಮಾಡಿಸಿದ್ವಿರಿ ಸರ್, ಬಡಿಗ್ಯಾರ ಕಡಿಂದ, ನೂರು ಕುಣಿ ಹಾಕಿಸಿ. ನೀವು ಹೇಳಿದಂಗ ತೊಗರಿಬ್ಯಾಳಿಗೆ ಬಂಗಾರದ ಬಣ್ಣಾನೂ ಹಚ್ಚಿ ಒಣಗಾಕ ಇಟ್ಟಿದ್ವಿ. ರಾತ್ರಿ ಇಲಿ ತಿಂದ್ ಹೋಗ್ಯಾವ್ರಿ. ಅದಕ್ಕ ಶೆಟ್ಟಿ ಪಾತ್ರದವ ಬರೀ ಖಾಲಿ ಹಲಗಿ ಅಲ್ಲಾಡಿಸಿದ."

"ಮಂದಿ ಏನಂದ್ರು?"

"ಏನಂತಾರ್ರಿ. ಮುಂದ ಕುಂತ ಹುಡುಗ್ರು, ಶೆಟ್ಟಿ ಒಂದು ಬಿದ್ದೈತಿ ಅಂತ ಕೆಳಗ ಹುಡುಕಾಕ ಹತ್ತಿದ ಕೂಡ್ಲೆ, ಅವ್ರೂ ಎದ್ದು ಟಾರ್ಚ್ ಹಾಕಿ ಹುಡುಕಾಕ ಹತ್ತಿದ್ರು."